ಭದ್ರತಾ ಮಂಡಳಿ ಮತ್ತು ನಾಲ್ಕನೆಯ ಜುಮಾಗಿ

ಅಧ್ಯಕ್ಷತೆ ವಹಿಸಿರುವ ನಮ್ಮ ಪ್ರಾಂಶುಪಾಲ ಗುರುಪ್ರಸಾದ ಸರ್ ಅವರೇ, ಮುಖ್ಯ ಅತಿಥಿ ದೌಲಪ್ಪನವರೇ, ಕಮಲಾಪುರದ ಈ ಕಾಲೇಜಿನ ನನ್ನ ಪ್ರೀತಿಯ ವಿದ್ಯಾರ್ಥಿನಿಯರೇ, ಸಭಿಕರೇ,

ವಿಶ್ವಸಂಸ್ಥೆಯ ದಿನದಂದು ನನ್ನನ್ನು ಈ ಮೈಕಿನ ಮುಂದೆ ನಿಲ್ಲಿಸಿದ್ದಕ್ಕೆ ತುಂಬ ಸಂತೋಷವಾಗಿದೆ. ನಾನು ಇಂಗ್ಲಿಷ್ ಮಾಧ್ಯಮದವಳು. ಮಾತು ತಪ್ಪಿದರೆ ನಗಿ, ಆದರೆ ಮೆಲ್ಲಗೆ.

ಬಹುಧ್ರುವ ಜಗತ್ತಿನಲ್ಲಿ ಭದ್ರತಾ ಮಂಡಳಿಯ ಸುಧಾರಣೆ ಇಂದಿನ ವಿಷಯ. ಅಲ್ಲಿ ಐದು ರಾಷ್ಟ್ರಗಳು ಕಾಯಂ ಕುಳಿತಿವೆ. ಅವುಗಳಲ್ಲಿ ಒಂದು ಬೇಡವೆಂದರೆ ಸಾಕು, ನಿರ್ಣಯ ಬಿದ್ದುಹೋಗುತ್ತದೆ. ವೀಟೊ ಎನ್ನುವ ಇದನ್ನು ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಮೊನ್ನೆ ಮೊನ್ನೆ, ಕಲಬುರಗಿಯ ಗಾಜಿಪುರಕ್ಕೆ ಸೊಸೆಯಾಗಿ ಹೋದ ಮೇಲೆ.

ಮದುವೆಯ ನಂತರ ನಮ್ಮಲ್ಲಿ ಐದು ಶುಕ್ರವಾರ ಬೀಗರ ಔತಣ ನಡೆಯುತ್ತದೆ. ಅದಕ್ಕೆ ಜುಮಾಗಿ ಎನ್ನುತ್ತೇವೆ. ಮೂರು ಮುಗಿಯುವಷ್ಟರಲ್ಲಿ ನನ್ನ ಯಜಮಾನರು, ಸೇನೆಯ ಡಾಕ್ಟರ್ ಝಹೀರ್, ಮುಂದಿನ ಶುಕ್ರವಾರದೊಳಗೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಹೊರಡಬೇಕೆಂದು ಆದೇಶ ಬಂತು. ಹೌದು, ಅವರ ಹೆಸರು ಹೇಳುವಾಗ ನನಗೆ ನಗು ಬರುತ್ತದೆ. ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ತಿವಿಯಬೇಡಿ. ನಾಲ್ಕನೆಯದನ್ನು ಭಾನುವಾರವೇ ಮಾಡಿಬಿಡೋಣ ಎಂದು ಎಲ್ಲರೂ ಒಪ್ಪಿದರು. ಇವರ ದೊಡ್ಡಪ್ಪ, ಎಲ್ಲರ ಬಡೇ ಅಬ್ಬಾ, ಮಾತ್ರ ಎದ್ದು ನಿಂತರು.

"ಜುಮಾಗಿ ಅಂದ್ರ ಜುಮ್ಮಾ ದಿನಾನೇ. ಐತವಾರ ಮಾಡೋರು ನನ್ನ ಕರೀಬ್ಯಾಡ್ರಿ."

ಮುಗಿಯಿತು. ಅವರನ್ನು ಬಿಟ್ಟೇ ಮಾಡೋಣ ಎಂದೆ. ಅತ್ತೆ ಅಕ್ಬರಿ ಬೇಗಂ ನಕ್ಕರು: "ಅವ್ರನ್ನ ಬಿಟ್ಟು ಮಾಡಿದ್ರ ಅದು ಊಟ ಆಗ್ತದ ಬೇಟಾ, ಜುಮಾಗಿ ಆಗಂಗಿಲ್ಲ." ನಾಲ್ಕನೆಯದು ನಿಂತೇಹೋಯಿತು, ಇವರು ಹೊರಟರು.

ಸಭಿಕರೇ, ಸುಧಾರಣೆಯ ತೊಡಕು ಇದೇ ಅಲ್ಲವೇ? ವೀಟೊ ತೆಗೆಯಲು ವೀಟೊ ಇರುವವರೇ ಒಪ್ಪಬೇಕು. ಭಾರತ, ಬ್ರೆಜಿಲ್, ಇಡೀ ಆಫ್ರಿಕಾ ಹೊಸ ಸೊಸೆಯಂತೆ ಕಾಯುತ್ತಿವೆ. ಫೋಟೊ ತೆಗೆಯುವಾಗ ಕರೆಯುತ್ತಾರೆ, ದಿನ ಗೊತ್ತುಮಾಡುವಾಗ ಕೇಳುವುದಿಲ್ಲ.

ವೀಟೊ ಹೋಗಲೇಬೇಕು ಎಂದು ಬರೆದು ತಂದಿದ್ದೇನೆ. ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಇವರ ಫೋನ್ ಬಂತು. ಅವರ ಪಡೆಯ ಅವಧಿ ವಿಸ್ತರಿಸುವ ಮತದಾನ ಭದ್ರತಾ ಮಂಡಳಿಯಲ್ಲಿ ಇಂದೇ. ಒಂದು ರಾಷ್ಟ್ರ ತಡೆಯಬಹುದಂತೆ. ತಡೆದರೆ ಪಡೆ ವಾಪಸ್. ನಾನೇನು ಕೇಳಿದೆ ಗೊತ್ತೇ?

"ತಡದ್ರ ಮನಿಗೆ ಬರ್ತೀರೇನ್ರೀ?"

ಅವರು ಹೇಳಿದರು: "ಬರ್ತೀನಿ. ಆದ್ರ ನಮ್ಮ ದವಾಖಾನ್ಯಾಗ ಬಾಣಂತ್ಯಾರು ಮಲಗ್ಯಾರ. ಹೊರಗ ಬಂದೂಕು ಹಿಡದವರು ನಿಂತಾರ. ಗೇಟಿನ ಕೀಲಿ ಯಾರ ಕೈಯಾಗ ಕೊಟ್ಟು ಬರಲಿ, ಅಫ್ಶೀನ್?"

ಅಷ್ಟರಲ್ಲಿ ಕಮಲಾಪುರ ಬಂತು, ಇಳಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ನಾನು ಫೋನ್ ನೋಡುತ್ತಿದ್ದೇನೆ. ಆ ರಾಷ್ಟ್ರ ಇಂದು ತಡೆಯದಿರಲಿ. ಇದನ್ನು ಇಷ್ಟು ಗಟ್ಟಿಯಾಗಿ, ಇಷ್ಟು ಜನರ ಎದುರು ಹೇಳುತ್ತಿದ್ದೇನೆ, ಏಕೆಂದರೆ ಮನೆಯಲ್ಲಿ ಒಬ್ಬಳೇ ಕುಳಿತರೆ ಬೇರೆಯದನ್ನೇ ಬೇಡಿಕೊಂಡುಬಿಡುತ್ತೇನೆ. ಸಾಕ್ಷಿಯಾದ ನಿಮಗೆಲ್ಲ ಧನ್ಯವಾದ, ನಮಸ್ಕಾರ.