ಬೀಗರ ಚೀಲ

ತೀರಿಕೊಂಡ ಹೆಂಡತಿಯ ಮಾಸಿಕಕ್ಕೆ ಹೂವು, ತುಳಸಿ ಕೊಂಡು ದಾದರ್ ಸ್ಟೇಷನ್ನಿನ ಬೆಂಚಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ವಾಚ್‌ಮನ್ ಉಡುಪಿನವನೊಬ್ಬನನ್ನು ಅವನ ಹೆಂಡತಿ ತರಾಟೆಗೆ ತೆಗೆದುಕೊಂಡಿದ್ದಳು.

“ಮಗಳನ್ನ ನೋಡಾಕ ಬಂದವರ ಚೀಲಾ ಬಿಚ್ಚಿ ನೋಡ್ತಾರೇನ್ರಿ?”

“ದಿನಾ ಗೇಟಿನಾಗ ಅದನ್ನ ಮಾಡತೇನಲ್ಲ. ಕೈ ತಾನ ಹೋತು.”

“ಯಾರ ಮನಿಗೆ ಹೊಂಟೀರಿ ಅಂತ ಬ್ಯಾರೆ ಕೇಳಿದ್ರಿ! ಚಲೋ ಸಂಬಂಧ ತಪ್ಪಿ ಹೋತು.”

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಮಾತು ಮುಗಿಸಿ ಮೀಸೆಯಲ್ಲೇ ನಕ್ಕ.

“ಒಪ್ಪ್ಯಾರಂತ! ಹುಡುಗನ ಅಪ್ಪ ಬಸ್ ಕಂಡಕ್ಟರ್ ಅಲ್ಲೇನ? ಡ್ಯೂಟಿ ಅಂದ್ರ ಏನಂತ ಅವರಿಗೆ ಗೊತ್ತೈತಿ.”

“ಅದಕ್ಕ ಅವರು ಮುಂದ ಸರೀರಿ, ಮುಂದ ಸರೀರಿ ಅಂತ ನಮ್ಮ ಮಂದೀನೆಲ್ಲಾ ಅಡಿಗಿಮನಿಗೆ ನೂಕಿದ್ರೇನು!”

ಲೋಕಲ್ ಬಂತು. ಏಳುವಾಗ ಅವನ ಕೈ ನನ್ನ ಹೂವಿನ ಚೀಲದತ್ತ ಹೋಯಿತು. ಅವಳು ಆ ಕೈಗೊಂದು ಏಟು ಕೊಟ್ಟು, ಗಂಡನನ್ನು ಎಳೆದುಕೊಂಡು ಹೋದಳು.