ಮುಂದಿನ ಸೀಟು

ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದ ಶಿವಗಂಗಮ್ಮನ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಮಾತಿಗಿಳಿದಿದ್ದರು.

“ಪಾರ್ಕಲ್ಲಿ ಆ ಹಳೇ ರೋಲರ್ ಕೋಸ್ಟರ್ ಕಿತ್ತಾಕ್ತಾರಂತೆ ಕಣೇ ದೀಪು,” ಎಂದಳು ಅಕ್ಕ. “ಅದೇ ಜಾಗಕ್ಕೆ ಹೊಸದು ಬತ್ತದಂತೆ. ಪೂರ್ತಿ ತಲೆಕೆಳಗಾಗಿ ಸುತ್ತುತ್ತದಂತೆ.”

“ಅಣ್ಣ ಇದ್ದಿದ್ರೆ ಕುಣಿದಾಡೋನು.”

“ಊಂ. ಮೊದಲ್ನೇ ದಿನವೇ ನಮ್ಮಿಬ್ಬರನ್ನೂ ಎಳ್ಕಂಡೋಗೋನು.”

ತಂಗಿ ದನಿ ತಗ್ಗಿಸಿದಳು. “ಅವನ ವರ್ಷದ ತಿಥಿ ಆದ ವಾರದಲ್ಲಿ ಓಗಿದ್ವಲ್ಲಕ್ಕ, ಅವತ್ತು ಮೇಲಿಂದ ಕೆಳಕ್ಕೆ ಧುಮುಕೋವಾಗ ಮುಂದಿನ ಸೀಟಿಂದ ಯಾರೋ ‘ಕೈ ಎತ್ರೇ’ ಅಂತ ಕೂಗಿದ್ರು. ಅಣ್ಣ ಕೂಗ್ತಿದ್ನಲ್ಲ, ಅಂಗೇ.”

“ಮುಂದಿನ ಸೀಟಲ್ಲಿ ಯಾರೂ ಇರ್ಲಿಲ್ಲ.”

“ಅದ್ಕೇ ನಿಂಗೆ ಹೇಳ್ಲಿಲ್ಲ.”

ಅಕ್ಕ ತನ್ನ ಅಂಗೈ ನೋಡಿಕೊಂಡಳು. “ನಾನು ಕೈ ಎತ್ತಿದ್ದೆ ಕಣೇ.”

ತಂಗಿ ಅವಳ ಮುಖವನ್ನೇ ನೋಡಿದಳು. “ಹೊಸದ್ರಲ್ಲೂ ಬತ್ತಾನಾ?”

“ಅದನ್ನ ಅವನು ಕಂಡೇ ಇಲ್ವಲ್ಲೇ. ಹಳೇದನ್ನ ಕೀಳೋಕೆ ಮುಂಚೆ ಇನ್ನೊಂದ್ಸಲ ಓಗ್ಬರನ. ಈ ಭಾನ್ವಾರ್ವೇ.”

ಬೆಂಗಳೂರಿನ ಬಸ್ಸು ಬಂತು. ಇಬ್ಬರೂ ಬ್ಯಾಗು ಎತ್ತಿಕೊಂಡು ಹತ್ತಿ ಹೊರಟರು. ಬಿಸಿಲು ಸುಡುತ್ತಿದ್ದರೂ ಶಿವಗಂಗಮ್ಮ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು.