ಮಂಗನ ಪಾಠ

ಇಲ್ಲ ಇಲ್ಲ, ಚಾಪೆ ಎಂತಕ್ಕೆ? ಈ ಜಗಲಿ ಸಾಕು ನನಗೆ. ನಿನ್ನ ಕೆಲಸ ನೀನು ಬಿಡಬೇಡ ಸೋಮಿ, ಹರಿವೆ ಸೊಪ್ಪು ಕಟ್ಟುತ್ತ ಇರು, ನಾ ಮಾತಾಡ್ತೆ. ಅಂಕೋಲೆ ಪೇಟೆಗೆ ಹೊರಡೂ ಹೊತ್ತಲ್ಲ ನಿಂದು... ನಾನೂ ಗಂಟೆ ಹೊಡೆಯೂದ್ರೊಳಗೆ ಶಾಲೆ ಮುಟ್ಟಬೇಕು. ಮಗಳು ಎಲ್ಲಿ, ಹೊನ್ನು? ಬಾವಿಗೆ ಹೋದ್ಲಾ? ಹಾಂ, ಒಳ್ಳೇದಾಯ್ತು. ಒಳ್ಳೇದಾಯ್ತು ಅಂದ್ರೆ... ಮೊದಲು ನಿನ್ನ ಒಬ್ಬಳ ಹತ್ರ ಮಾತಾಡೂದಿತ್ತು, ಅಷ್ಟೇ.

ಯಜ್ಞೇಶ್ವರ ಮಾಸ್ತರು ಗದ್ದೆ ಬದು ಹಿಡಿದು ನಮ್ಮನೆವರೆಗೆ ಬಂದ್ರಲ್ಲ ಅಂತ ಆಶ್ಚರ್ಯವಾ? ಏನು ಮಾಡೂದು ಮಾರಾಯ್ತಿ! ಹತ್ತನೇ ಕ್ಲಾಸು. ಪರೀಕ್ಷೆ ಹತ್ರ ಬಂತು, ಹುಡುಗಿ ಶಾಲೆ ಕಡೆ ತಲೆ ಹಾಕಿಲ್ಲ. ನಿಮ್ಮ ಜನರ ಈ ಕೇರಿಯಲ್ಲಿ, ಈ ಕೊಪ್ಪದಲ್ಲಿ, ಇಷ್ಟು ಮನೆಗಳಲ್ಲಿ, ಹತ್ತನೇವರೆಗೆ ಬಂದ ಹೆಣ್ಣುಮಗಳು ಇವಳೊಬ್ಬಳೇ. ಈಗ ಬಿಟ್ರೆ ಬಿಟ್ಟ ಹಾಗೇ.

ಕಾರಣ ನಿನಗೆ ಗೊತ್ತೇ ಇದೆ ಬಿಡು... ಇರು, ಇರು, ನಾ ಮುಗಿಸ್ತೆ. ಮಕ್ಕಳು, ಸೋಮಿ, ಮಕ್ಕಳು! ಹಿಂದಿನ ಬೆಂಚಿನ ಹುಡುಗರು ಏನೋ ಅಂದ್ರು, ಕ್ಲಾಸು ನಕ್ಕಿತು. ಎಲ್ಲ ಆ ಪಾಠದಿಂದ ಬಂದದ್ದು. ಜೀವವಿಕಾಸ ಅಂತ. ಮಕ್ಕಳು ಅದಕ್ಕೆ ಮಂಗನ ಪಾಠ ಅಂತಾವೆ.

ನಗ್ತೀಯಾ? ನಗು, ನಗು. ಲೋಕದ ತುಂಬ ಈ ಪಾಠದ್ದು ಇದೇ ಗೋಳು. ಕಾರವಾರದಲ್ಲಿ ನಮಗೆಲ್ಲ ತರಬೇತಿ ಆಯ್ತಲ್ಲ, ಅಲ್ಲಿ ಮಧುಕರ ಅಂತ ಒಬ್ಬರು ಬಂದಿದ್ರು, ಬಲ್ಲವರು. ಅಮೆರಿಕದಲ್ಲಿ ಇದನ್ನ ಹೇಗೆ ಕಲಿಸಬೇಕು ಅಂತ ಹೋದ ವರ್ಷ ಕೋರ್ಟಿನಲ್ಲೇ ವಾದ ಆಯ್ತಂತೆ. ಇಟಲಿಯಲ್ಲಿ ಸರಕಾರ ಈ ಪಾಠವನ್ನೇ ಸಣ್ಣ ಕ್ಲಾಸಿಂದ ತೆಗೆಯೂಕೆ ಹೊರಟಿತ್ತು, ವಿಜ್ಞಾನಿಗಳು ಬೊಬ್ಬೆ ಹೊಡೆದ್ರಂತೆ. ಅರಬರ ಕೆಲವು ದೇಶದಲ್ಲಿ ಪುಸ್ತಕದಲ್ಲಿ ಇದು ಇಲ್ಲವೇ ಇಲ್ಲ! ಆ ಊರಿನ ಮಾಸ್ತರೇ ಪುಣ್ಯವಂತ ಅನಿಸ್ತದೆ ಒಮ್ಮೊಮ್ಮೆ. ಪಾಠ ಇದ್ರಲ್ಲವಾ ಕೆಡಿಸೂದು?

ಛೆ, ಇಟಲಿ ಕಟ್ಕಂಡು ನಿನಗೇನು... ಆ ಮಧುಕರ ಒಂದು ಮಾತು ಹೇಳಿದ್ರು ಕಾಣು. ಮಂಗನಿಂದ ಮನುಷ್ಯನವರೆಗೆ ಒಬ್ಬರ ಹಿಂದೆ ಒಬ್ಬರು ನಡೆಯೂ ಸಾಲಿನ ಚಿತ್ರ ಇದೆಯಲ್ಲ, ಅದನ್ನ ತೋರಿಸಬೇಡಿ, ಅದು ತಪ್ಪು. ಮರ ಬರೀರಿ. ಬುಡ ಒಂದೇ, ಕೊಂಬೆ ಸಾವಿರ. ಮುಂದೆ ಹೋದವ, ಹಿಂದೆ ಉಳಿದವ ಅಂತ ಯಾರೂ ಇಲ್ಲ. ನಾನೇ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದೆ!

ಶಾಲೆಗೆ ಬಂದು ನೋಡಿದ್ರೆ ಗೋಡೆ ಮೇಲೆ ಅದೇ ಹಳೇ ಸಾಲು. ತಪಾಸಣೆಗೆ ಸಾಹೇಬರು ಬೇರೆ ಬಂದು ಕೂತಿದ್ರು. ಮಕ್ಕಳು ಕಲ್ಲಿನ ಹಾಗೆ ಕೂತಿದ್ವು. ಒಂದು ನಗೆ ಏಳಲಿ, ಸಾಹೇಬರಿಗೂ ಖುಷಿಯಾಗಲಿ ಅಂತ...

ಯಾರು ಅಂದದ್ದು ಅಂತಾ? ಹೇಳಿದ್ನಲ್ಲ, ಹಿಂದಿನ ಬೆಂಚಿನವರು. ಈಗ ಹೆಸರು ತಕಂಡು ಎಂತ ಮಾಡೂದು...

ಕೈ ಯಾಕೆ ನಿಲ್ಲಿಸಿದೆ? ಸೊಪ್ಪು ಕಟ್ಟು ಸೋಮಿ. ಹಾಗೆ ನೋಡಬೇಡ ನನ್ನ.

...ಸರಿ. ಎಲ್ಲ ಗೊತ್ತಿದ್ದೂ ನನ್ನ ಬಾಯಿಂದಲೇ ಬರಲಿ ಅಂತ ಕೂತಿದ್ದೀಯಾ. ಬೆಂಚಿನವರಲ್ಲ. ನಾನು. ನಾನೇ ಅಂದದ್ದು. ಚಿತ್ರದ ನಡುವೆ ಒಬ್ಬ ಗೂನು ಬೆನ್ನಿನವ ಇದ್ದಾನೆ, ಇತ್ತ ಮಂಗನೂ ಅಲ್ಲ, ಅತ್ತ ಮನುಷ್ಯನೂ ಅಲ್ಲ. ಅವನ ಮೇಲೆ ಕೋಲು ಇಟ್ಟು, "ವಿಕಾಸ ನಮ್ಮ ಹೊನ್ನುನ ಕೊಪ್ಪಕ್ಕೆ ಇನ್ನೂ ಮುಟ್ಟಿಲ್ಲ" ಅಂದೆ.

ಮೊದಲು ನಕ್ಕದ್ದು ಸಾಹೇಬರು. ಆಮೇಲೆ ಇಡೀ ಕ್ಲಾಸು. ಹೊನ್ನೂ ನಕ್ಕಳು ಸೋಮಿ! ದೇವರಾಣೆ, ಎಲ್ಲರ ಸಂಗಡ ಅವಳೂ ನಕ್ಕಳು. ಅದನ್ನ ನೋಡಿ ನಾನು ಸಮಾಧಾನ ಮಾಡ್ಕಂಡೆ. ಊಟಕ್ಕೆ ಬಿಟ್ಟಾಗ ಹೊರಗೆ ಹೋದವಳು ತಿರುಗಿ ಬರಲಿಲ್ಲ. ಈಗ ಹುಡುಗರು ಅವಳ ಖಾಲಿ ಜಾಗ ನೋಡಿ ಮಂಗನ ಹಾಗೆ ಕೂಗ್ತಾವೆ. ನಾನು ಗದರಿಸೂದಿಲ್ಲ. ಯಾವ ಬಾಯಿಂದ ಗದರಿಸಲಿ?

ಎಂತದು? ಹೊಟ್ಟೆ ಮುಟ್ಟಿ ತೋರಿಸ್ತೀಯಲ್ಲ... ಹೊಟ್ಟೆನೋವಾ? ಹೊಟ್ಟೆನೋವು ಅಂದಿದ್ಲಾ ಹೊನ್ನು? ಇಷ್ಟು ದಿನವೂ? ನೀನು ಕಷಾಯ ಕಾಸಿ ಕುಡಿಸ್ತಾ ಇದ್ದೆಯಾ?

ಅಯ್ಯೋ ಸೋಮೀ... ನಿನಗೆ ಗೊತ್ತೇ ಇರಲಿಲ್ಲ.

ಅವಳು ನನ್ನ ಹೆಸರು ಎತ್ತಲೇ ಇಲ್ಲ! ನಾನು ದಾರಿಯುದ್ದಕ್ಕೂ, ಹುಡುಗಿ ಹೇಳಿಬಿಟ್ಟಿರ್ತಾಳೆ, ಹೇಗೆ ಜಾರಿಕೊಳ್ಳೂದು ಅಂತ ಮಾತು ಜೋಡಿಸ್ತಾ ಬಂದೆ. ಅವಳು ಇಲ್ಲಿ ಇಲ್ಲದ ನೋವಿಗೆ ಕಹಿ ಕುಡೀತಾ ಕೂತಿದ್ಲು. ನಿನಗೆ ನೋವಾಗಬಾರದು ಅಂತಲೋ, ಮಾಸ್ತರ ಮರ್ಯಾದೆ ಅಂತಲೋ... ನನಗೆ ಕೇಳೂಕೂ ಹೆದರಿಕೆ.

ಬೈಯಿ ಸೋಮಿ. ಬೈಯಿ. ಮಾಸ್ತರು ಅಂತ ನೋಡಬೇಡ.

ಅಗೊ, ಬಂದ್ಲು. ಕೊಡ ಹೊತ್ಕಂಡು ಅಲ್ಲೇ ನಿಂತ್ಲು, ನನ್ನ ನೋಡಿ. ಹೊನ್ನೂ... ತಂಗೀ, ಹೆದರಬೇಡ. ಇಲ್ಲ, ನೀನು ಬರಬೇಡ. ಅಲ್ಲೇ ನಿಲ್ಲು. ನಾನೇ ಬರ್ತೆ.